ಜಿಮ್ಮಿಯೋ ರಯತನೋ? ಕೊಪ್ಪಳ ಸೀಮೆಯಲ್ಲಿ ಮುಸ್ಲಿಮೇತರರ ಕಾನೂನು ಸ್ಥಾನಮಾನ

ಇಂದಿನ ಕಲ್ಯಾಣ ಕರ್ನಾಟಕದ ಆಡುಮಾತಿಗೆ ಉರ್ದುವಿನ ಮೂಲಕ ಬಂದ ‘ಜಿಮ್ಮೇದಾರಿ’ ಎಂಬ ಪದಕ್ಕೆ ಹೊಣೆಗಾರಿಕೆ ಎಂಬುದಷ್ಟೇ ಅರ್ಥ. ಅದರ ಮೂಲವಾದ ಅರಬ್ಬಿಯ ‘ಜಿಮ್ಮಾ’ ಇಸ್ಲಾಮಿ ನ್ಯಾಯಶಾಸ್ತ್ರದ ಪಾರಿಭಾಷಿಕ ಪದ. ಪ್ರಭುತ್ವವು ತನ್ನ ಅಧೀನದಲ್ಲಿರುವ ಮುಸ್ಲಿಮೇತರರಿಗೆ ಕೊಟ್ಟ ರಕ್ಷಣೆಯ ವಚನವೇ ಜಿಮ್ಮಾ, ಆ ವಚನಕ್ಕೆ ಪಾತ್ರನಾದವನು ಜಿಮ್ಮಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನರನ್ನು ಈ ಪರಿಕಲ್ಪನೆಯಿಂದ ಎಷ್ಟರಮಟ್ಟಿಗೆ ಅರ್ಥಮಾಡಿಕೊಳ್ಳಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರದ ಪ್ರಕಾರ ಜಿಮ್ಮಿಯು ಜಿಜಿಯಾ ತೆರಿಗೆಯನ್ನು ಸಲ್ಲಿಸಬೇಕು. ಪ್ರತಿಯಾಗಿ ಅವನ ಪ್ರಾಣ, ಆಸ್ತಿ, ಆರಾಧನೆಗಳಿಗೆ ರಕ್ಷಣೆ ದೊರೆಯುತ್ತದೆ. ವಿವಾಹ, ವಾರಸಾಗಳಂತಹ ವಿಷಯಗಳಲ್ಲಿ ಅವನ ಸಮುದಾಯದ ಕಟ್ಟಳೆಯೇ ನಡೆಯುತ್ತದೆ. ಸ್ತ್ರೀಯರಿಗೂ ಮಕ್ಕಳಿಗೂ ತೆರಿಗೆಯಿಲ್ಲ. ಹನಫಿ ಪಂಥವು ಸ್ಥಿತಿಗತಿಗೆ ಅನುಗುಣವಾಗಿ ವರ್ಷಕ್ಕೆ 48, 24, 12 ದಿರ್ಹಮುಗಳೆಂಬ ಮೂರು ದರ್ಜೆಗಳನ್ನು ಹೇಳುತ್ತದೆ. ಶಾಫಿ ಪಂಥವು ಈ ರಕ್ಷಣೆಯನ್ನು ಗ್ರಂಥಧರ್ಮೀಯರಿಗೂ ಜರತುಷ್ಟ್ರ ಮತದವರಿಗೂ ಸೀಮಿತಗೊಳಿಸಿದರೆ, ಹನಫಿ ಪಂಥವು ಅದನ್ನು ವಿಸ್ತರಿಸಿತು. ಭಾರತದಲ್ಲಿ ಹನಫಿ ಪಂಥವೇ ಪ್ರಬಲವಾಗಿದ್ದುದರಿಂದ ಹಿಂದೂ, ಜೈನ, ಲಿಂಗಾಯತರೆಲ್ಲರೂ ತಾತ್ವಿಕವಾಗಿ ಜಿಮ್ಮಿಗಳೇ. ಆದರೆ ಹೊಸ ದೇವಾಲಯಗಳ ನಿರ್ಮಾಣಕ್ಕೆ ಶಾಸ್ತ್ರಕಾರರು ನಿರ್ಬಂಧ ಹೇಳಿದ್ದಾರೆ; ಇದ್ದುದರ ದುರಸ್ತಿಗೆ ಸಾಮಾನ್ಯವಾಗಿ ಅವಕಾಶವಿದೆ. ಈ ಅಂಶಕ್ಕೆ ಮುಂದೆ ಮರಳಬೇಕಾಗುತ್ತದೆ.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಂದಿನಿಂದ ರಾಯಚೂರು ದೋಆಬ್ ಎರಡು ಪ್ರಭುತ್ವಗಳ ನಡುವಿನ ಕದನಭೂಮಿ. 1565ರ ಯುದ್ಧದ ತರುವಾಯ ಇಲ್ಲಿ ಆದಿಲ್‌ಶಾಹಿಗಳ ಹಿಡಿತ ಬಲವಾಯಿತು. ಒಂದನೆಯ ಇಬ್ರಾಹಿಂ ಆದಿಲ್ ಶಾಹನ (1534-58) ಕಾಲದಲ್ಲಿ ಲೆಕ್ಕಪತ್ರಗಳನ್ನು ಪಾರಸಿಯಿಂದ ‘ಹಿಂದವಿ’ಗೆ ಬದಲಿಸಿ ಬ್ರಾಹ್ಮಣ ಅಧಿಕಾರಿಗಳಿಗೆ ಒಪ್ಪಿಸಲಾಯಿತೆಂದು ಫಿರಿಶ್ತಾ ದಾಖಲಿಸಿದ್ದಾನೆ. ಶಾಸ್ತ್ರದ ಕಟ್ಟುನಿಟ್ಟಿನ ಓದಿನಲ್ಲಿ ಜಿಮ್ಮಿಗೆ ಮುಸ್ಲಿಮರ ಮೇಲಣ ಅಧಿಕಾರ ಸಲ್ಲದು. ಕಂದಾಯದ ಅಗತ್ಯ ಆ ಓದನ್ನು ಬದಿಗಿಟ್ಟಿತು. ಗ್ರಾಮಮಟ್ಟದಲ್ಲಂತೂ ದೇಸಾಯಿ, ನಾಡಗೌಡ, ಗೌಡ, ಕುಲಕರ್ಣಿಗಳ ವತನಗಳು ವಂಶಪಾರಂಪರ್ಯವಾಗಿ ಮುಂದುವರಿದವು. ದಖನ್ನಿನಲ್ಲಿ ವತನದ ತಕರಾರುಗಳು ಬಂದಾಗ ಖಾಜಿಯೂ ವತನದಾರರೂ ಊರ ಹಿರಿಯರೂ ಒಟ್ಟಿಗೆ ಕುಳಿತು ನಿರ್ಣಯಿಸಿ ರುಜು ಹಾಕಿದ ಪತ್ರವೇ ‘ಮಹಜರು’. ಪೊಲೀಸ್ ಠಾಣೆಯ ಕಾಗದವಾಗಿ ಇಂದಿಗೂ ನಮ್ಮೊಡನಿರುವ ಈ ಪದ ಒಂದು ಕಾಲಕ್ಕೆ ಸಭೆಯ ಹೆಸರೂ ಆಗಿತ್ತು.

ಜಿಜಿಯಾದ ಪ್ರಶ್ನೆ ಈ ಭಾಗಕ್ಕೆ ನೇರವಾಗಿ ತಟ್ಟಿದ್ದು ಮೊಗಲರೊಂದಿಗೆ. ಅಕ್ಬರನು 1564ರಲ್ಲಿ ರದ್ದುಪಡಿಸಿದ್ದ ತೆರಿಗೆಯನ್ನು ಔರಂಗಜೇಬನು 1679ರಲ್ಲಿ ಮತ್ತೆ ಹೇರಿದ. 1686ರಲ್ಲಿ ಬಿಜಾಪುರ ಪತನವಾದ ಮೇಲೆ ಅದು ದಖನ್ನಿನ ಹೊಸ ಪ್ರದೇಶಗಳಿಗೂ ಬಂದಿತು. ಯುದ್ಧ, ಕ್ಷಾಮಗಳಿಂದ ದಖನ್ ಬಳಲಿದ್ದುದರಿಂದ 1704ರಲ್ಲಿ ಅವನೇ ಇಲ್ಲಿ ಅದಕ್ಕೆ ವಿನಾಯಿತಿ ಕೊಡಬೇಕಾಯಿತು. 1720ರಲ್ಲಿ ಮುಹಮ್ಮದ್ ಶಾಹನು ಅದನ್ನು ತೆಗೆದುಹಾಕಿದ. ಅನಂತರ ವಜೀರನಾದ ನಿಜಾಮ್-ಉಲ್-ಮುಲ್ಕನು ಅದರ ಪುನಃಸ್ಥಾಪನೆಗೆ ಸಲಹೆಯಿತ್ತನಾದರೂ ಅದು ನಡೆಯಲಿಲ್ಲ. 1724ರ ತರುವಾಯ ಅವನ ವಂಶವೇ ಈ ನಾಡನ್ನು ಆಳಿತೆಂಬುದನ್ನು ನೆನೆದರೆ, 19 ಮತ್ತು 20ನೆಯ ಶತಮಾನಗಳ ಹೈದರಾಬಾದ್ ಸಂಸ್ಥಾನದ ಕಂದಾಯದಲ್ಲಿ ಜಿಜಿಯಾ ಇರಲಿಲ್ಲವೆಂಬುದು ಗಮನಾರ್ಹ.

ಹಾಗಾದರೆ ನಿಜಾಮರ ಕಾಲದಲ್ಲಿ ಈ ನಾಲ್ಕು ತಾಲೂಕುಗಳ ಮುಸ್ಲಿಮೇತರನು ಕಾನೂನಿನ ದೃಷ್ಟಿಯಲ್ಲಿ ಯಾರು? ಉತ್ತರ ತಾಲೂಕಿನಿಂದ ತಾಲೂಕಿಗೆ ಬದಲಾಗುತ್ತದೆ. ಕುಷ್ಟಗಿಯು ಸರ್ಕಾರದ ನೇರ ಆಡಳಿತದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು; ಆ ಮನೆತನ ಶಿಯಾ, ಮೇಲಿನ ಪ್ರಭು ಸುನ್ನಿ. ಗಂಗಾವತಿ ಸರ್ಕಾರದ ತಾಲೂಕಾದರೂ ಅದರ ಮಗ್ಗುಲಲ್ಲೇ ವಿಜಯನಗರದ ವಂಶಸ್ಥರೆನಿಸಿದ ಆನೆಗೊಂದಿಯ ಹಿಂದೂ ದೊರೆಯ ಸಂಸ್ಥಾನವಿತ್ತು. ಒಬ್ಬನ ಸ್ಥಾನವನ್ನು ಅವನ ಮತದಷ್ಟೇ ಅವನ ಭೂಮಿ ಯಾರ ಹೆಸರಿನಲ್ಲಿದೆ, ಅವನ ಕೈಯಲ್ಲಿ ಯಾವ ಸನದು ಇದೆ ಎಂಬುದೂ ನಿರ್ಧರಿಸುತ್ತಿತ್ತು. ಇನಾಮುಗಳ ವಿಚಾರಣೆ ನಡೆಸುತ್ತಿದ್ದ ‘ಅತಿಯಾತ್’ ಇಲಾಖೆಯು ದೇವಸ್ಥಾನದ ಪೂಜಾರಿಯ ಭೂಮಿಯನ್ನೂ ಮಸೀದಿಯ ಸೇವಕನ ಭೂಮಿಯನ್ನೂ ‘ಮಶ್ರೂತ್-ಉಲ್-ಖಿದ್ಮತ್’, ಅಂದರೆ ಸೇವೆಗೆ ಬದ್ಧವಾದ ಇನಾಮು, ಎಂಬ ಒಂದೇ ವರ್ಗದಲ್ಲಿ ಸೇರಿಸಿ ‘ಮುಂತಖಬ್’ ಕೊಡುತ್ತಿತ್ತು. ಇದನ್ನೇ ಹಿಡಿದು ಸರ್ವಧರ್ಮ ಸಮಭಾವವನ್ನು ಸಾರುವ ಬರವಣಿಗೆ ನಮ್ಮಲ್ಲಿ ಹೇರಳವಾಗಿದೆ. ಸನದು ಹಕ್ಕಲ್ಲ, ಅನುಗ್ರಹ. ವಾರಸುದಾರ ಬದಲಾದಾಗಲೆಲ್ಲ ಅದನ್ನು ಮತ್ತೆ ಬೇಡಬೇಕು. ಸನದೇ ಇಲ್ಲದವನ ಪಾಲಿಗಂತೂ ಪ್ರಭುವಿನ ಧರ್ಮಕ್ಕಿಂತ ಗೌಡಕಿ ಯಾರ ಮನೆಯಲ್ಲಿದೆ ಎಂಬುದೇ ಕಾನೂನು. ಊರ ಹೊರಗಿನ ಕೇರಿಗಳ ಚರಿತ್ರೆಯನ್ನು ಜಿಮ್ಮಿ ಎಂಬ ಪದದಿಂದ ಬರೆಯಲಾಗದು.

20ನೆಯ ಶತಮಾನದ ಆರಂಭದ ದಶಕಗಳಲ್ಲಿ ಚಿತ್ರ ಬಿಗಿಯಾಗುತ್ತದೆ. 1920ರ ದಶಕದ ‘ಗಶ್ತಿ 53’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆಗೆ ಮುಂಚಿತ ಅನುಮತಿ ಬೇಕು. ಖಾಸಗಿ ಶಾಲೆಗೂ ಅನುಮತಿ ಬೇಕು. ಆರಾಧನಾ ಸ್ಥಳಗಳ ನಿರ್ಮಾಣ, ದುರಸ್ತಿಗಳಿಗೆ ‘ಉಮೂರ್-ಎ-ಮಜಹಬಿ’ ಎಂಬ ಧಾರ್ಮಿಕ ಇಲಾಖೆಯ ಒಪ್ಪಿಗೆ ಬೇಕು. ನಿಯಮ ಎಲ್ಲರಿಗೂ ಸಮಾನವೆಂಬುದು ಸರ್ಕಾರದ ವಾದ. ಆಚರಣೆಯಲ್ಲಿ ಹಾಗಿಲ್ಲವೆಂಬುದೇ 1938-39ರ ಆರ್ಯಸಮಾಜದ ಸತ್ಯಾಗ್ರಹದ ಮುಖ್ಯ ದೂರು. ಹಿಂದೆ ಹೇಳಿದ ಶಾಸ್ತ್ರದ ನಿರ್ಬಂಧದ ನೆರಳು ಇಲ್ಲಿ ಕಾಣುವುದು ನಿಜ. ಆದರೆ ಉಪಕರಣ ಶಾಸ್ತ್ರದ್ದಲ್ಲ; ಅರ್ಜಿ, ಸುತ್ತೋಲೆ, ತಹಸೀಲ್ದಾರನ ವರದಿಗಳ ಆಧುನಿಕ ಕಚೇರಿಯದು. 1939ರ ಸುಧಾರಣೆಗಳು ಶಾಸನಸಭೆಯಲ್ಲಿ ಹಿಂದೂ-ಮುಸ್ಲಿಮರಿಗೆ ಸಮಸಂಖ್ಯೆಯ ಸ್ಥಾನಗಳನ್ನು ಸೂಚಿಸಿದವು; ಮುಸ್ಲಿಮರು ಜನಸಂಖ್ಯೆಯ ಶೇಕಡಾ 12ರ ಆಸುಪಾಸಿನಲ್ಲಿದ್ದರು. 1927ರಲ್ಲಿ ಹುಟ್ಟಿದ ಇತ್ತೆಹಾದ್ ಸಂಘಟನೆಯು ಪ್ರತಿಯೊಬ್ಬ ಮುಸ್ಲಿಮನೂ ಸಾರ್ವಭೌಮತ್ವದ ಪಾಲುದಾರನೆಂಬ ‘ಅನಲ್ ಮಲಿಕ್’ ವಾದವನ್ನು ಮುಂದಿಟ್ಟಿತು. ಇದು ಕೂಡ ಜಿಮ್ಮಾದ ಭಾಷೆಯಲ್ಲ: ಜಿಮ್ಮಾದಲ್ಲಿ ಒಪ್ಪಂದವಿದೆ, ಪ್ರಭುವಿಗೂ ಹೊಣೆಯಿದೆ, ಇಲ್ಲಿ ಇರುವುದು ಬಹುಸಂಖ್ಯಾತರನ್ನು ರಾಜ್ಯದ ಒಡೆತನದಿಂದ ಹೊರಗಿಡುವ ರಾಷ್ಟ್ರವಾದ.

ಅರಬ್ಬಿಯ ‘ರಯ್ಯತ್’ ಎಂದರೆ ಪ್ರಜೆ, ಆಳಿಸಿಕೊಳ್ಳುವವನು. ಅದೇ ಕನ್ನಡದಲ್ಲಿ ‘ರಯತ’, ‘ರೈತ’ ಆಗಿ ಉಳುವವನ ಹೆಸರಾಯಿತು. ‘ಜಿಮ್ಮಿ’ ನಮ್ಮ ಮಾತಿಗೆ ಬರಲೇ ಇಲ್ಲ. ಜನರು ಯಾವ ಹೆಸರಿನಿಂದ ಪ್ರಭುತ್ವವನ್ನು ಎದುರಿಸಿದರೆಂಬುದಕ್ಕೆ ಈ ಪದಚರಿತ್ರೆಯೂ ಒಂದು ಸಾಕ್ಷ್ಯ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1949ರಲ್ಲಿ ಜಹಗೀರುಗಳು ರದ್ದಾದವು. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು ಲೋಕಸಭೆಗೆ ಕಳುಹಿಸಿದರು. ಅದೇ ವರ್ಷ ಅತಿಯಾತ್ ವಿಚಾರಣೆಗೆ ಹೊಸ ಕಾಯಿದೆ ಬಂದಿತು. ಆ ವಿಚಾರಣೆಗಳ ಕಡತಗಳಲ್ಲಿರುವ ಪಾರಸಿ, ಉರ್ದು, ಮೋಡಿ ಪತ್ರಗಳನ್ನು ಓದಬಲ್ಲ ಕನ್ನಡ ಸಂಶೋಧಕರು ಬೆರಳೆಣಿಕೆಯಷ್ಟು ಮಾತ್ರ ಇದ್ದಾರೆ.