ಆಟದ ಖಾತೆ, ಮನೆಯ ಬೀಗದ ಕೈ

ಮಕ್ಕಳು ಮೊಬೈಲ್‌ನಲ್ಲಿ ಆಟವಾಡಲು ಖಾತೆ ತೆರೆಯುವಾಗ ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಕೊಡುತ್ತಾರೆ. ಹೆತ್ತವರು ಇದನ್ನು ಗಮನಿಸುವುದು ಕಡಿಮೆ. ಆಟದಲ್ಲಿ ಕದಿಯಲು ಏನಿದೆ ಎಂಬುದು ನಮ್ಮ ಧೋರಣೆ. ಆದರೆ ಕಳ್ಳನಿಗೆ ಬೇಕಾದುದು ಆಟವಲ್ಲ, ಬೀಗದ ಕೈ.

ಮೈನ್‌ಕ್ರಾಫ್ಟ್ ಎಂಬುದು ಘನಾಕೃತಿಗಳನ್ನು ಜೋಡಿಸಿ ಲೋಕ ಕಟ್ಟುವ, ಮಕ್ಕಳಿಗೆ ಪ್ರಿಯವಾದ ಆಟ. ಅದರ ಮೊಬೈಲ್ ಆವೃತ್ತಿಯನ್ನು ಹಲವರು ಜೊತೆಗೂಡಿ ಆಡಲು ಲೈಫ್‌ಬೋಟ್ ಎಂಬ ಬಳಗವು ಸರ್ವರ್‌ಗಳನ್ನು ನಡೆಸುತ್ತಿತ್ತು. 2016ರ ಜನವರಿಯಲ್ಲಿ ಅದರ ಸುಮಾರು 70 ಲಕ್ಷ ಖಾತೆಗಳ ಇ-ಮೇಲ್ ಮತ್ತು ಪಾಸ್‌ವರ್ಡ್ ವಿವರಗಳು ಕಳವಾದವು. ಬಳಗವು ಬಹಿರಂಗವಾಗಿ ಏನೂ ಹೇಳದೆ, ಸದ್ದಿಲ್ಲದೆ ಪಾಸ್‌ವರ್ಡ್ ಬದಲಿಸುವಂತೆ ಮಾಡಿತು. ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ ಅವರಿಂದ ವಿಷಯ ಹೊರಬಿತ್ತು.

ಪಾಸ್‌ವರ್ಡ್‌ಗಳು ಸಂಕೇತ ರೂಪದಲ್ಲಿದ್ದವು ನಿಜ. ಆದರೆ ಬಳಸಿದ್ದು ಎಂಡಿ5 ಎಂಬ ಹಳೆಯ, ದುರ್ಬಲ ವಿಧಾನ. ಚಿಕ್ಕ ಪಾಸ್‌ವರ್ಡ್ ಆಗಿದ್ದರೆ ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಊಹಿಸಿಬಿಡುತ್ತದೆ. ಇದೇನು ಬ್ಯಾಂಕ್ ವ್ಯವಹಾರವಲ್ಲ, ಚಿಕ್ಕ ಪಾಸ್‌ವರ್ಡ್ ಸಾಕು ಎಂದೇ ಆ ಬಳಗ ಸಲಹೆ ನೀಡಿತ್ತು!

ಅಪಾಯವಿರುವುದು ಇಲ್ಲಿಯೇ. ಅದೇ ಪಾಸ್‌ವರ್ಡ್ ತಂದೆಯ ಇ-ಮೇಲ್‌ಗೂ ತಾಯಿಯ ಖರೀದಿಯ ಖಾತೆಗೂ ಇದ್ದರೆ? ಕಳ್ಳರು ಕದ್ದ ಜೋಡಿಯನ್ನು ಯಂತ್ರದ ಮೂಲಕ ನೂರಾರು ತಾಣಗಳಲ್ಲಿ ಪರೀಕ್ಷಿಸುತ್ತಾರೆ. ಇ-ಮೇಲ್ ಕೈವಶವಾದರೆ ಇತರ ಖಾತೆಗಳ ಪಾಸ್‌ವರ್ಡ್‌ಗಳನ್ನೂ ಅದರ ಮೂಲಕವೇ ಬದಲಿಸಬಹುದು.

ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇರಲಿ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ಅದು ಉದ್ದವೂ ಆಗುತ್ತದೆ, ನೆನಪಿನಲ್ಲೂ ಉಳಿಯುತ್ತದೆ. ಮರೆಯುವ ಭಯವಿದ್ದರೆ ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ. ದೂರದ ಕಳ್ಳನಿಗೆ ನಿಮ್ಮ ಕಪಾಟು ಎಟುಕದು. ಇ-ಮೇಲ್‌ಗೆ ಎರಡು ಹಂತದ ದೃಢೀಕರಣ ಅಳವಡಿಸಿ. ನಿಮ್ಮ ವಿಳಾಸವು ಹಿಂದಿನ ಸೋರಿಕೆಗಳಲ್ಲಿ ಸಿಕ್ಕಿಬಿದ್ದಿದೆಯೇ ಎಂದು ಹಂಟ್ ಅವರ 'ಹ್ಯಾವ್ ಐ ಬೀನ್ ಪೌನ್ಡ್' ತಾಣದಲ್ಲಿ ಉಚಿತವಾಗಿ ನೋಡಬಹುದು.

ಅನುಮತಿಯಿಲ್ಲದೆ ಇತರರ ಮನೆ ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನ್‌ನ ಸೂರಃ ಅನ್ನೂರ್ ಕಲಿಸುತ್ತದೆ. ಗೆಳೆಯನ ಖಾತೆಯೂ ಅವನ ಮನೆಯಂತೆಯೇ ಎಂದು ಮಕ್ಕಳಿಗೆ ತಿಳಿಹೇಳೋಣ. ನಮ್ಮ ಕೈಗೆ ಬಂದ ಇನ್ನೊಬ್ಬರ ಗುಟ್ಟು ಅಮಾನತ್ ಆಗಿದೆ. ಅದು ಕಳವಾದಾಗ ಮುಚ್ಚಿಡುವುದು ಎರಡನೆಯ ತಪ್ಪು. ಮಗು ಹೆದರುತ್ತಾ ಬಂದು 'ನನ್ನ ಖಾತೆ ಹೋಯಿತು' ಎಂದರೆ ಗದರಿಸಬೇಡಿ. ಗದರಿಸಿದರೆ ಮುಂದಿನ ಸಲ ಅದು ಹೇಳುವುದೇ ಇಲ್ಲ.