ತಿರುವಿನಲ್ಲಿ ಗಾಳಿ ಕುಡಿಯುವ ಇಂಜಿನ್

‘ಮೋಟಾರ್ ಗಾಳಿ ಎಳೀತಾ ಇದೆ’ ಎಂಬ ಮಾತಿನ ಸಂಕಟವನ್ನು ಗುಂಡ್ಲುಪೇಟೆ ಕಡೆಯ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಫುಟ್‌ವಾಲ್ವಿನ ಬಾಯಿಗಿಂತ ಕೆಳಗಿಳಿದರೆ ಪೈಪು ಬುಸಬುಸ ಎನ್ನುತ್ತದೆ. ಹಾಗೇ ಬಿಟ್ಟರೆ ಪಂಪು ಕಾದು ಕೆಡುತ್ತದೆ. ಬಾವಿಯ ತಳದಲ್ಲಿ ಎಷ್ಟು ನೀರಿದ್ದರೇನು, ಪೈಪಿನ ಬಾಯಿಗೆ ಎಟುಕದಿದ್ದರೆ ಇಲ್ಲದ ಹಾಗೆಯೇ.

ಕಾರಿನ ಇಂಜಿನ್ನಿಗೂ ಈ ಗತಿ ಬರುವುದುಂಟು. ನನ್ನ ಅಣ್ಣನ ಮಗ ತನ್ನ ಪುಟ್ಟ ಕಾರನ್ನು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯುವ ಹುಮ್ಮಸ್ಸಿನಲ್ಲಿದ್ದ. ರೇಸ್ ಚಾಲಕ ಕರಿವರ್ಧನ್ ಹೆಸರಿನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕ್ ಅದು. ಚಾಮರಾಜನಗರದಿಂದ ಹೊರಟರೆ ಹಾಸನೂರು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದ ಮೇಲೆ ಹೋಗಬೇಕು. ಟ್ರ್ಯಾಕಿನಲ್ಲಿ ಇಂಜಿನ್ ಸೀಜ್ ಆದೀತು, ಜೋಪಾನ ಎಂದೆ. ‘ಚಿಕ್ಕಪ್ಪ, ದಿಂಬದ 27 ತಿರುವಲ್ಲಿ ಏನೂ ಆಗದ ಇಂಜಿನ್ನು ನುಣ್ಣನೆ ಟ್ರ್ಯಾಕಲ್ಲಿ ಯಾಕೆ ಸೀಜ್ ಆಗ್ಬೇಕು?’ ಎಂದ. ಒಳ್ಳೆಯ ಪ್ರಶ್ನೆಯೇ.

ಇಂಜಿನ್ನಿನ ಅಡಿಯಲ್ಲಿ ಮೆಕ್ಯಾನಿಕ್‌ಗಳು ‘ಚೇಂಬರ್’ ಎನ್ನುವ ತಟ್ಟೆಯಿದೆ. ಸಣ್ಣ ಕಾರಿನಲ್ಲಿ ಅದರೊಳಗೆ ಮೂರು-ಮೂರೂವರೆ ಲೀಟರ್ ಎಣ್ಣೆ. ಅದಕ್ಕೆ ಬಾಯಿ ಹಾಕಿಕೊಂಡು ಒಂದು ಕೊಳವೆ, ಕೊಳವೆಯ ಹಿಂದೆ ಪಂಪು. ಕಾರು ಎಡಕ್ಕೆ ತಿರುಗಿದರೆ ಎಣ್ಣೆ ಬಲಗೋಡೆ ಹತ್ತುತ್ತದೆ. ಎಷ್ಟು ಹತ್ತುತ್ತದೆ ಎಂಬುದಕ್ಕೆ ಲೆಕ್ಕವಿದೆ. ದಿಂಬದಂಥ ಕಡೆ 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಾದರೆ ಪಕ್ಕಕ್ಕೆ ತಳ್ಳುವ ಬಲ ಗುರುತ್ವದ ಮೂರನೇ ಒಂದು ಪಾಲು. ಎಣ್ಣೆ ವಾಲುವುದು ಸುಮಾರು 18 ಡಿಗ್ರಿ. ಟ್ರ್ಯಾಕಿನಲ್ಲಿ 50 ಮೀಟರ್ ತ್ರಿಜ್ಯದ ತಿರುವನ್ನು, ಬಿಗಿ ಹಿಡಿತದ ಟೈರು ಹಾಕಿಕೊಂಡು, 80 ಕಿ.ಮೀ. ವೇಗದಲ್ಲಿ ಹಾದು ನೋಡಿ: ತಳ್ಳುವ ಬಲ ಗುರುತ್ವಕ್ಕೇ ಸಮ, ಎಣ್ಣೆ ನೇರ 45 ಡಿಗ್ರಿಗೆ ಎದ್ದು ನಿಲ್ಲುತ್ತದೆ.

ಎರಡು ಕಡೆಯೂ ಅರ್ಧ ವೃತ್ತ ಸುತ್ತಲು ಏಳು ಸೆಕೆಂಡು ಸಾಕು. ಆದರೆ ಘಾಟಿಯಲ್ಲಿ ಇಂಜಿನ್ ನಿಧಾನ ತಿರುಗುತ್ತಿರುತ್ತದೆ. ಟ್ರ್ಯಾಕಿನಲ್ಲಿ ನಿಮಿಷಕ್ಕೆ 6000 ಸುತ್ತು. ಆ ವೇಗದಲ್ಲಿ ಪಂಪು ನಿಮಿಷಕ್ಕೆ 30 ಲೀಟರ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಏಳು ಸೆಕೆಂಡಿಗೆ ಮೂರೂವರೆ ಲೀಟರ್, ಅಂದರೆ ಇಡೀ ಚೇಂಬರಿನಷ್ಟು! ಮೇಲೆ ಹೋದ ಎಣ್ಣೆ ತಕ್ಷಣ ಕೆಳಗಿಳಿದು ಬರುವುದೂ ಇಲ್ಲ. ಸಿಲಿಂಡರ್ ಹೆಡ್ಡಿನ ಮೂಲೆಗಳಲ್ಲಿ ತಂಗುತ್ತದೆ. ಹೀಗೆ ತಳ ಬರಿದಾಗುತ್ತಿರುವಾಗಲೇ ಉಳಿದದ್ದು ಗೋಡೆ ಹತ್ತಿದರೆ ಕೊಳವೆ ಕುಡಿಯುವುದು ಗಾಳಿಯನ್ನೇ.

ಒಂದೆರಡು ಸೆಕೆಂಡಿನ ಗಾಳಿಗೆ ಇಷ್ಟು ಹೆದರಬೇಕೆ? ಇದಕ್ಕೆ 1883ರ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಬೀಚಂ ಟವರ್ ಎಂಬಾತ ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದರೆ ಎಣ್ಣೆ ಅಲ್ಲಿಂದಲೇ ಉಕ್ಕಿ ಹೊರಬಂತು. ಮರದ ಬೆಣೆ ಜಡಿದ. ಬೆಣೆಯನ್ನೂ ತಳ್ಳಿಕೊಂಡು ಬಂತು. ತಿರುಗುವ ಅಚ್ಚು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು, ತಾನೇ ಒತ್ತಡ ಹುಟ್ಟಿಸಿ, ಅದರ ಮೇಲೆ ತೇಲುತ್ತದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಬರೆದ. ನಿಮ್ಮ ಕಾರಿನ ಕ್ರ್ಯಾಂಕ್ ಶಾಫ್ಟ್ ಕೂಡ ಹೀಗೆ ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಮೇಲೆ ತೇಲುತ್ತಿದೆ. ತಲೆಗೂದಲೂ ಇದಕ್ಕಿಂತ ಹತ್ತಾರು ಪಟ್ಟು ದಪ್ಪ. ಪಂಪಿನದು ಭಾರ ಹೊರುವ ಕೆಲಸವಲ್ಲ, ಸೋರಿದಷ್ಟನ್ನು ತುಂಬುತ್ತಿರುವುದು. ಅದು ನೊರೆ ಕಳಿಸಿದರೆ ಸಂದಿಯಲ್ಲಿ ಒತ್ತಡ ಹುಟ್ಟದು. ಸೆಕೆಂಡಿಗೆ ನೂರು ಸುತ್ತುವ ಉಕ್ಕು ಮೆದು ಲೋಹದ ಬೇರಿಂಗನ್ನು ತೀಡಿ ಬಿಸಿ ಮಾಡುತ್ತದೆ. ಆಮೇಲೆ ಕೇಳಿಸುವ ‘ಟಕ್ ಟಕ್’ ಸದ್ದು ಗ್ಯಾರೇಜಿನವರಿಗೆ ಚೆನ್ನಾಗಿ ಗೊತ್ತು.

ಡ್ಯಾಶ್‌ಬೋರ್ಡಿನ ಕೆಂಪು ದೀಪ ಇದೆಯಲ್ಲ ಎನ್ನಬೇಡಿ. ಸಾಮಾನ್ಯವಾಗಿ ಅದು ಹೊತ್ತುವುದು ಒತ್ತಡ ಅರ್ಧ ಬಾರ್‌ಗಿಂತಲೂ ಕೆಳಗಿಳಿದಾಗ. ಐಡ್ಲಿಂಗಿಗೆ ಅದು ಸರಿ. 6000 ಸುತ್ತಿಗೆ ನಾಲ್ಕು ಬಾರ್ ಬೇಕು. ಅಲ್ಲಿ ಆ ದೀಪ ತಿಥಿಗೆ ಬಂದ ನೆಂಟನ ಹಾಗೆ.

ಹುಡುಗನಿಗೆ ಅಗ್ಗದ ಉಪಾಯ ಆಗಲೇ ಗೊತ್ತಿತ್ತು: ಅರ್ಧ ಲೀಟರ್ ಎಣ್ಣೆ ಹೆಚ್ಚು ಸುರಿಯುವುದು. ಟ್ರ್ಯಾಕಿನ ಹವ್ಯಾಸಿಗಳು ಮಾಡುತ್ತಾರೆ. ಆದರೆ ಮಿತಿ ಮೀರಿದರೆ ಕ್ರ್ಯಾಂಕ್ ಎಣ್ಣೆಯನ್ನೇ ಕಡೆಯತೊಡಗಿ, ಮಜ್ಜಿಗೆಯಂತೆ ನೊರೆ ಎಬ್ಬಿಸುತ್ತದೆ. ಪಂಪಿಗೆ ಮತ್ತೆ ಗಾಳಿಯೇ. ನನ್ನ ಮತ ಚೇಂಬರಿನೊಳಗೆ ತಡಿಕೆ ಬೆಸೆಯುವ ಕಡೆಗೆ. ಕೊಳವೆಯ ಸುತ್ತ ತಗಡಿನ ಗೋಡೆ, ಗೋಡೆಗೆ ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲು. ಎಣ್ಣೆ ಒಳಗೆ ಬರಬಹುದು, ಹೊರಗೆ ಓಡುವ ಹಾಗಿಲ್ಲ. ಬಾವಿಯ ಫುಟ್‌ವಾಲ್ವಿನ ತಂತ್ರವೇ ಇದು. ಇನ್ನೂ ದುಡ್ಡಿದ್ದರೆ ಒತ್ತಡದಲ್ಲಿ ಒಂದೆರಡು ಲೀಟರ್ ಎಣ್ಣೆ ಹಿಡಿದಿಟ್ಟು, ಕೊರತೆಯಾದಾಗ ಬಿಟ್ಟುಕೊಡುವ ಸಿಲಿಂಡರ್ ಸಿಗುತ್ತದೆ. ಅಸಲು ರೇಸ್ ಕಾರುಗಳಲ್ಲಿ ಚೇಂಬರಿನಲ್ಲಿ ಎಣ್ಣೆ ನಿಲ್ಲುವುದೇ ಇಲ್ಲ. ಬೇರೆ ಪಂಪುಗಳು ಅದನ್ನು ಹೀರಿ ಎತ್ತರದ ಡಬ್ಬಕ್ಕೆ ಸೇರಿಸುತ್ತವೆ. ಮದ್ರಾಸಿನ ಹಳೆಯ ಬುಲೆಟ್ಟಿನಲ್ಲೂ ಹೀಗೆ ಎಣ್ಣೆಗೆ ಬೇರೆ ಕೋಣೆ, ವಾಪಸ್ ತರಲು ಇನ್ನೊಂದು ಪಂಪು ಇತ್ತು.

ಹಾಗೆ ನೋಡಿದರೆ ಬೈಕಿಗೆ ತಿರುವಿನ ಭಯವೇ ಇಲ್ಲ. ತಿರುವಿನಲ್ಲಿ ಬೈಕೇ ವಾಲುವುದರಿಂದ ಎಣ್ಣೆಯ ಪಾಲಿಗೆ ‘ಕೆಳಗೆ’ ಎಂದರೆ ಚೇಂಬರಿನ ತಳವೇ. ಆದರೆ 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ-ಸ್ಟ್ರೋಕ್ ಬೈಕುಗಳಿಗೆ ಬೇರೆಯೇ ಕಾಟ. ಅವುಗಳ ಇಂಜಿನ್ನಿಗೆ ಎಣ್ಣೆ ಸಿಗುತ್ತಿದ್ದದ್ದು ಪೆಟ್ರೋಲಿನಲ್ಲಿ ಬೆರೆತು. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿದರೆ ಪೆಟ್ರೋಲೂ ಇಲ್ಲವೆನ್ನುವಷ್ಟು ಕಡಿಮೆ, ಎಣ್ಣೆಯೂ ಅಷ್ಟೇ; ಇಂಜಿನ್ ಮಾತ್ರ ಗಿರಗಿರ. ಅದಕ್ಕೇ ಹಳಬರು ಘಾಟಿ ಇಳಿಯುವಾಗ, ಏನೂ ಅವಸರವಿಲ್ಲದಿದ್ದರೂ, ನಡುನಡುವೆ ಒಮ್ಮೆ ‘ಜುಂಯ್’ ಎನ್ನಿಸುತ್ತಿದ್ದರು.