ಪದಾಭ್ಯಾಸ

ಅಮರಕೋಶವನ್ನು ಕಂಠಪಾಠ ಮಾಡಿಸುತ್ತಿದ್ದ ಹಿರಿಯರು ದಿನಕ್ಕೆ ಸ್ವಲ್ಪವೇ ಹೊಸ ಪಾಠವನ್ನು ಹೇಳಿಕೊಡುತ್ತಿದ್ದರು. ಹಳೆಯ ಪಾಠದ ಆವೃತ್ತಿಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಅಂತರ್ಜಾಲದಲ್ಲಿ ಪದಗಳನ್ನು ಕಲಿಸುವ ತಾಣಗಳ ಕ್ರಮವೂ ಇದೇ ಆಗಿರುತ್ತದೆ. ಮರೆತ ಪದವನ್ನು ಬೇಗನೆಯೂ, ನೆನಪಿನಲ್ಲಿ ನಿಂತುದನ್ನು ಕೆಲವು ದಿನಗಳ ತರುವಾಯವೂ ಅವು ಮರಳಿ ಕೇಳುವುವು.

ಹೀಗೆ ಮನೆಯಲ್ಲಿಯೇ ಕಲಿಯಲು ಎಸ್ಪೆರಾಂಟೊ ಸುಲಭವಾದ ಭಾಷೆ. ವಾರ್ಸಾದ ನೇತ್ರವೈದ್ಯ ಜಾಮೆನ್‌ಹೋಫನು ಇದನ್ನು 1887ರಲ್ಲಿ ಪ್ರಕಟಿಸಿದನು. ‘ಲೆರ್ನು’ ತಾಣವು 2002ರಲ್ಲಿಯೂ, ‘ಡ್ಯುಯೊಲಿಂಗೊ’ದ ಎಸ್ಪೆರಾಂಟೊ ಪಾಠಗಳು 2015ರಲ್ಲಿಯೂ ಆರಂಭವಾದುವು. ಅದರಲ್ಲಿ ‘ಸಾನಾ’ ಎಂದರೆ ಸ್ವಸ್ಥ; ‘ಮಲ್‌ಸಾನಾ’ ಎಂದರೆ ಅಸ್ವಸ್ಥ. ‘ಬೋನಾ’ ಒಳ್ಳೆಯ, ‘ಮಲ್‌ಬೋನಾ’ ಕೆಟ್ಟ. ಸಂಸ್ಕೃತವನ್ನು ಓದಿದವರಿಗೆ ಈ ಪದರಚನೆ ಹೊಸದಲ್ಲ. ಒಂದು ಪದವನ್ನು ಕಲಿತರೆ ಎರಡನ್ನು ಕಲಿತಂತಾಗುವುದು.

ಇನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಗೃಹಸ್ಥರಲ್ಲಿ ನಮ್ಮದೊಂದು ಅರಿಕೆಯುಂಟು. ಅಮರಸಿಂಹನು ತೆಂಗಿಗೆ ನಾಲಿಕೇರ, ಲಾಂಗಲೀ ಎಂಬ ಹೆಸರುಗಳನ್ನು ಕೊಟ್ಟನು. ನಮ್ಮ ತೋಟದ ಮಾತಿನಲ್ಲಿಯಾದರೋ ಹೊಂಬಾಳೆ, ಗೊನೆ, ಎಳನೀರು, ಗರಿ, ಮಟ್ಟೆ, ಕರಟ, ಉಂಡೆಕೊಬ್ಬರಿ ಎಂದು ಒಂದೊಂದಕ್ಕೂ ಒಂದೊಂದು ಹೆಸರು. ಪಟ್ಟಣದಲ್ಲಿ ಬೆಳೆದ ಮೊಮ್ಮಕ್ಕಳಲ್ಲಿ ಅನೇಕರು ಇವೆಲ್ಲವನ್ನೂ ‘ಕೋಕೋನಟ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವರು. ಪರಭಾಷೆಯನ್ನು ಕಲಿಸುವ ಸಾಧನವು ಮನೆಮಾತಿಗೂ ಒದಗಬಾರದೇಕೆ? ‘ಆಂಕಿ’ ಎಂಬುದರಲ್ಲಿ ನಾವೇ ಪದಪಟ್ಟಿಯನ್ನು ರಚಿಸಿ, ಚಿತ್ರವನ್ನೂ ಅಜ್ಜಿಯ ಧ್ವನಿಯನ್ನೂ ಅದಕ್ಕೆ ಸೇರಿಸಬಹುದು. ರಜೆಗೆ ಬಂದ ಮಗುವಿನಿಂದ ದಿನಕ್ಕೆ ಐದು ಪದಗಳನ್ನು ಬರೆಯಿಸಿರಿ. ಸಂಜೆ ತೋಟದಲ್ಲಿ ಆ ವಸ್ತುಗಳನ್ನು ತೋರಿಸಿ, ಹೆಸರು ಹೇಳಿಸಿರಿ. ನೆನಪು ಮಾಡಿಕೊಡುವುದು ಯಂತ್ರಕ್ಕೆ ಸಾಧ್ಯ, ಮಾತನಾಡಿಸಬೇಕಾದವರು ಮನೆಯವರೇ.